ಇಂಟರಪ್ಟ್ ತೆರೆದ ಕೂಡಲೇ ಡಬಲ್ ಫಾಲ್ಟ್: ಮೆಮೊರಿ ಎಲ್ಲಿ ಕೆಡುತ್ತಿದೆ?

ಮಂಡಲ_ಶೂನ್ಯ

ಎಲ್ಲರಿಗೂ ನಮಸ್ಕಾರ. ಬಿಡುವಿನ ವೇಳೆಯಲ್ಲಿ ಸಿ ಭಾಷೆಯಲ್ಲಿ ಒಂದು ಪುಟ್ಟ 64 ಬಿಟ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆಯುತ್ತಿದ್ದೇನೆ. ಗ್ರಬ್ ಎಂಬ ಬೂಟ್ ಲೋಡರ್ ಮೂಲಕ ಬೂಟ್ ಆಗುತ್ತದೆ, 1 ಎಂಬಿ ವಿಳಾಸದಿಂದ ಲೋಡ್ ಆಗುತ್ತದೆ, ಪರೀಕ್ಷೆ ಎಲ್ಲವೂ ಕ್ಯೂಎಮು ಎಂಬ ಯಂತ್ರ ಅನುಕರಿಸುವ ತಂತ್ರಾಂಶದಲ್ಲಿ. ಪೇಜಿಂಗ್ (ಮೆಮೊರಿಯನ್ನು ಪೇಜ್ ಪೇಜ್ ಆಗಿ ವಿಳಾಸಗಳಿಗೆ ಮ್ಯಾಪ್ ಮಾಡುವುದು) ಇದೆ, ಪೇಜ್ ಹಂಚುವ ಅಲೊಕೇಟರ್ ಇದೆ, ಮೊದಲ 32 ಎಕ್ಸೆಪ್ಶನ್‌ಗಳಿಗೂ (ಪ್ರೊಸೆಸರ್ ಎತ್ತುವ ದೋಷ ಸಂಕೇತಗಳು) ಹ್ಯಾಂಡ್ಲರ್ ಇದೆ. ನಲ್ ಪಾಯಿಂಟರ್ ಸಿಕ್ಕಿಬೀಳಲಿ ಎಂದು ವಿಳಾಸ ಸೊನ್ನೆಯ ಪೇಜನ್ನು ಬೇಕೆಂದೇ ಮ್ಯಾಪ್ ಮಾಡಿಲ್ಲ.

ಇಂಟರಪ್ಟ್ (ಸಾಧನಗಳು ಪ್ರೊಸೆಸರನ್ನು ಕರೆಯುವ ಸಂಕೇತ) ತೆರೆಯುವ ಎಸ್‌ಟಿಐ ಆದೇಶದವರೆಗೆ ಎಲ್ಲವೂ ಸುಸೂತ್ರ. ಅದನ್ನು ಕೊಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಎಕ್ಸೆಪ್ಶನ್ 8, ಅಂದರೆ ಡಬಲ್ ಫಾಲ್ಟ್ (ಒಂದು ಎಕ್ಸೆಪ್ಶನ್ ನಿಭಾಯಿಸಲು ಹೋದಾಗಲೇ ಇನ್ನೊಂದು). ತೆರೆಯ ಮೇಲೆ ಬರುವುದು ಇಷ್ಟು, ಎಲ್ಲ ಸಂಖ್ಯೆಗಳೂ ಹೆಕ್ಸ್‌ನಲ್ಲಿವೆ (ಆರ್‌ಐಪಿ ಎಂದರೆ ಆದೇಶದ ವಿಳಾಸ, ಸಿಎಸ್ ಕೋಡ್ ಸೆಗ್ಮೆಂಟ್, ಆರ್‌ಎಸ್‌ಪಿ ಸ್ಟ್ಯಾಕ್ ಪಾಯಿಂಟರ್):

ಎರರ್ ಕೋಡ್: 101043
ಆರ್‌ಐಪಿ: 8
ಸಿಎಸ್: 246
ಆರ್‌ಫ್ಲ್ಯಾಗ್ಸ್: 107980
ಆರ್‌ಎಸ್‌ಪಿ: 10

ಪೇಜ್ ಟೇಬಲ್ ಕೋಡನ್ನು ಪೂರ್ತಿ ಅಳಿಸಿ ಮತ್ತೆ ಬರೆದೆ. ಸ್ಟ್ಯಾಕ್ ದೊಡ್ಡದು ಮಾಡಿದೆ. ಏನೂ ಬದಲಾಗಲಿಲ್ಲ. ಆರ್‌ಐಪಿ 8 ಎಂದರೆ ಕರ್ನಲ್ ಎಲ್ಲೋ ಸೊನ್ನೆಯ ಹತ್ತಿರಕ್ಕೆ ಜಿಗಿದಿದೆ ಎಂದು ನನ್ನ ಊಹೆ. ಯಾವುದೋ ಫಂಕ್ಷನ್ ಪಾಯಿಂಟರ್ ಕೆಟ್ಟಿರಬೇಕು. ಅದನ್ನು ಪತ್ತೆ ಹಚ್ಚುವುದು ಹೇಗೆ?

ಬಿಟ್_31

ಪೇಜ್ ಟೇಬಲ್ ಕೋಡ್ ಹಾಕಿ. ಕೋಡ್ ಇಲ್ಲದೆ ಜ್ಯೋತಿಷ್ಯ ಹೇಳಲು ಆಗುವುದಿಲ್ಲ. ಸ್ಟ್ಯಾಕ್ ಇರುವ ಪೇಜ್ ನಿಜವಾಗಿಯೂ ಮ್ಯಾಪ್ ಆಗಿದೆಯೇ?

ಕೊಡಚಾದ್ರಿ

ಡಬಲ್ ಫಾಲ್ಟ್‌ಗೆ ಪ್ರತ್ಯೇಕ ಸ್ಟ್ಯಾಕ್ ಕೊಟ್ಟಿದ್ದೀರಾ? ಟಿಎಸ್‌ಎಸ್ ಎಂಬ ಪ್ರೊಸೆಸರ್ ಕೋಷ್ಟಕದಲ್ಲಿ ಐಎಸ್‌ಟಿ ಎಂದು ಏಳು ಸ್ಟ್ಯಾಕ್ ವಿಳಾಸಗಳಿಗೆ ಜಾಗ ಇರುತ್ತದೆ. ಅದರಲ್ಲಿ ಒಂದನ್ನು ಡಬಲ್ ಫಾಲ್ಟ್‌ಗೇ ಮೀಸಲಿಡಿ. ಇಲ್ಲದಿದ್ದರೆ ಕರ್ನಲ್ ಸ್ಟ್ಯಾಕ್ ಕೆಟ್ಟ ದಿನ ಡಬಲ್ ಫಾಲ್ಟ್ ಹ್ಯಾಂಡ್ಲರಿಗೇ ನಿಲ್ಲಲು ನೆಲ ಇರುವುದಿಲ್ಲ, ಟ್ರಿಪಲ್ ಫಾಲ್ಟ್ ಆಗಿ ಯಂತ್ರ ರೀಸೆಟ್ ಆಗುತ್ತದೆ.

ಹಳೆಯ_8259

ನಿಲ್ಲಿ, ನಿಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೀರಿ. ಪೇಜಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ, ಇದು ಡಬಲ್ ಫಾಲ್ಟೇ ಅಲ್ಲ.

ನಿಜವಾದ ಡಬಲ್ ಫಾಲ್ಟ್‌ನಲ್ಲಿ ಪ್ರೊಸೆಸರ್ ಸ್ಟ್ಯಾಕಿಗೆ ತಳ್ಳುವ ಎರರ್ ಕೋಡ್ ಯಾವಾಗಲೂ ಸೊನ್ನೆ. ನಿಮ್ಮಲ್ಲಿ 101043 ಇದೆ. 1 ಎಂಬಿ ಎಂದರೆ ಹೆಕ್ಸ್‌ನಲ್ಲಿ 100000, ಕರ್ನಲ್ ಅಲ್ಲಿಂದಲೇ ಆರಂಭ ಎಂದು ನೀವೇ ಬರೆದಿದ್ದೀರಿ. ಹಾಗಾದರೆ 101043 ನಿಮ್ಮದೇ ಕೋಡಿನೊಳಗಿನ ಒಂದು ವಿಳಾಸ. ಅದರ ಕೆಳಗಿನ 8 ನಿಮ್ಮ ಕೋಡ್ ಸೆಗ್ಮೆಂಟ್ ಸೆಲೆಕ್ಟರ್. 246 ಎನ್ನುವುದು ಫ್ಲ್ಯಾಗ್ಸ್, ಅದರಲ್ಲಿ 200ರ ಬಿಟ್ ಇದೆ, ಅಂದರೆ ಇಂಟರಪ್ಟ್ ತೆರೆದಿತ್ತು. 107980 ಸ್ಟ್ಯಾಕ್ ಪಾಯಿಂಟರ್. 10 ಸ್ಟ್ಯಾಕ್ ಸೆಗ್ಮೆಂಟ್. ಇಡೀ ಪಟ್ಟಿ ಒಂದು ಮನೆ ಸರಿದು ನಿಂತಿದೆ ಅಷ್ಟೇ. ಹ್ಯಾಂಡ್ಲರ್ ಎರರ್ ಕೋಡ್ ಇದೆ ಎಂದು ನಂಬಿ ಓದುತ್ತಿದೆ, ಬಂದಾತ ಎರರ್ ಕೋಡ್ ತಂದೇ ಇಲ್ಲ.

8ನೇ ಸಂಖ್ಯೆಗೆ ಎರರ್ ಕೋಡ್ ಇಲ್ಲದೆ ಬರುವವರು ಯಾರು? ಟೈಮರ್. ಬಯೋಸ್ ಯಂತ್ರವನ್ನು ನಿಮ್ಮ ಕೈಗೆ ಕೊಡುವಾಗ ಪಿಐಸಿಯನ್ನು (ಸಾಧನಗಳ ಇಂಟರಪ್ಟ್‌ಗಳನ್ನು ಪ್ರೊಸೆಸರಿಗೆ ದಾಟಿಸುವ 8259 ಚಿಪ್) ಹಳೆಯ ರೂಢಿಯಂತೆ ಬಿಟ್ಟಿರುತ್ತದೆ: ಐಆರ್‌ಕ್ಯೂ (ಇಂಟರಪ್ಟ್ ಸಾಲು) 0ರಿಂದ 7ರವರೆಗಿನವು ವೆಕ್ಟರ್ (ಹ್ಯಾಂಡ್ಲರ್ ಸಂಖ್ಯೆ) 8ರಿಂದ 15ಕ್ಕೆ ಹೋಗುತ್ತವೆ. ಟೈಮರ್ ಐಆರ್‌ಕ್ಯೂ 0. ಸೆಕೆಂಡಿಗೆ ಸುಮಾರು 18.2 ಬಾರಿ, ಅಂದರೆ ಸುಮಾರು 55 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತದೆ. ನಿಮ್ಮ 'ಕಣ್ಣು ಮಿಟುಕಿಸುವಷ್ಟರಲ್ಲಿ' ಎಂಬ ಮಾತು ಲೆಕ್ಕಕ್ಕೂ ಸರಿಯಾಗಿದೆ.

ಸಿಂಬಲ್ ಮ್ಯಾಪ್ ತೆರೆದು 101043 ಎಲ್ಲಿ ಬೀಳುತ್ತದೆ ನೋಡಿ. ಎಚ್‌ಎಲ್‌ಟಿ (ಇಂಟರಪ್ಟ್ ಬರುವವರೆಗೆ ಪ್ರೊಸೆಸರನ್ನು ನಿಲ್ಲಿಸುವ ಆದೇಶ) ಆದ ನಂತರದ ಆದೇಶ ಎಂದು ಪಣ ಕಟ್ಟುತ್ತೇನೆ.

ಮಂಡಲ_ಶೂನ್ಯ

ಪಣ ಗೆದ್ದಿರಿ. ಐಡಲ್ ಲೂಪಿನಲ್ಲಿ ಎಚ್‌ಎಲ್‌ಟಿಯ ಮುಂದಿನ ಜಂಪ್.

ಬಿಟ್_31

ಸರಿ, ಪೇಜ್ ಟೇಬಲ್ ಕೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಪ್ರಶ್ನೆ: ಇಂಟೆಲ್ ತನ್ನ ಎಕ್ಸೆಪ್ಶನ್ ಸಂಖ್ಯೆಗಳ ಮೇಲೆಯೇ ಟೈಮರ್ ಕೂರಲು ಬಿಟ್ಟಿದ್ದು ಏಕೆ? ಇಷ್ಟು ಹುಚ್ಚು ವಿನ್ಯಾಸ ಬೇರೆ ಎಲ್ಲೂ ನೋಡಿಲ್ಲ.

ಲ್ಯಾಬ್_ಮೇಡಂ

ಇಂಟೆಲ್‌ನ ಮೇಲೆ ಹಾಕಬೇಡಿ, ಅದು ಐಬಿಎಂ ಮಾಡಿದ ಕೆಲಸ. 8086 ಬಂದದ್ದು 1978ರಲ್ಲಿ. ಅದು ಬಳಸುತ್ತಿದ್ದ ವೆಕ್ಟರ್‌ಗಳು 0ರಿಂದ 4 ಮಾತ್ರ, ಆದರೆ 0ರಿಂದ 31ರವರೆಗೆ ನಮಗೆ ಮೀಸಲು, ಮುಟ್ಟಬೇಡಿ ಎಂದು ಇಂಟೆಲ್ ಆಗಲೇ ಹೇಳಿತ್ತು. 1981ರಲ್ಲಿ ಪಿಸಿ ಮಾಡಿದ ಐಬಿಎಂ ಖಾಲಿ ಇರುವ ಜಾಗ ತಾನೇ ಎಂದು 8ರಿಂದ ಹಾರ್ಡ್‌ವೇರ್ ಇಂಟರಪ್ಟ್ ಕೂರಿಸಿತು. 5ನೇ ವೆಕ್ಟರನ್ನು ಪ್ರಿಂಟ್ ಸ್ಕ್ರೀನ್ ಕೀಲಿಗೆ ಕೊಟ್ಟಿತು, 16ನ್ನು ವೀಡಿಯೊ ಸೇವೆಗೆ ಕೊಟ್ಟಿತು. 80286 ಬಂದಾಗ 8 ಡಬಲ್ ಫಾಲ್ಟ್ ಆಯಿತು, 5 ಬೌಂಡ್ ಆದೇಶದ ಎಕ್ಸೆಪ್ಶನ್ ಆಯಿತು, 16 ಗಣಿತ ಸಹ-ಪ್ರೊಸೆಸರಿನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಡಾಸ್ ಪ್ರೋಗ್ರಾಮ್‌ಗಳೆಲ್ಲ ಐಬಿಎಂ ಸಂಖ್ಯೆಗಳನ್ನೇ ನಂಬಿದ್ದವು. 1984ರ ಪಿಸಿ ಎಟಿಯಲ್ಲಿ ಎರಡನೇ 8259 ಸೇರಿಸಿದಾಗ ಅದನ್ನು ಹೆಕ್ಸ್ 70ಕ್ಕೆ ಕೂರಿಸುವ ವಿವೇಕ ಬಂತು, ಮೊದಲನೆಯದನ್ನು ಅಲುಗಿಸುವ ಧೈರ್ಯ ಬರಲಿಲ್ಲ.

ನಮ್ಮ 8086 ಪ್ರಯೋಗಾಲಯದಲ್ಲಿ ಇಂದಿಗೂ ವಿದ್ಯಾರ್ಥಿಗಳಿಗೆ ಇಂಟ್ 21 (ಡಾಸ್ ಸೇವೆಗಳ ಇಂಟರಪ್ಟ್) ಕಂಠಪಾಠ ಮಾಡಿಸುತ್ತೇವೆ. ಈ ಕಥೆ ಮಾತ್ರ ಪಠ್ಯದಲ್ಲಿಲ್ಲ.

ಬಿಟ್_31

ಮೇಡಂ, ಎರಡೂ ಕಂಪನಿಗಳು ಸೇರಿ ಮಾಡಿದ್ದು ಎನ್ನೋಣ. ಬೋರ್ಡ್ ಮಾರಾಟವಾಗುವಾಗ ಇಂಟೆಲ್ ಬೇಡ ಎನ್ನಲಿಲ್ಲವಲ್ಲ.

ಹಳೆಯ_8259

ಇತಿಹಾಸ ಸಾಕು, ಹುಡುಗನ ಕೆಲಸ ಮುಗಿಯಲಿ. ಪಿಐಸಿಯನ್ನು ಹೆಕ್ಸ್ 20 ಮತ್ತು 28ಕ್ಕೆ ಸರಿಸಿ. ಆದೇಶದ ಪೋರ್ಟ್‌ಗಳು ಹೆಕ್ಸ್ 20 ಮತ್ತು ಎ0, ದತ್ತಾಂಶದವು 21 ಮತ್ತು ಎ1. ಎರಡಕ್ಕೂ ಮೊದಲು 11 ಬರೆಯಿರಿ, ನಂತರ ದತ್ತಾಂಶ ಪೋರ್ಟಿಗೆ ವೆಕ್ಟರ್ ಆರಂಭ, ಆಮೇಲೆ ಕ್ಯಾಸ್ಕೇಡ್ ವಿವರ (ಮೊದಲನೆಯದಕ್ಕೆ 4, ಎರಡನೆಯದಕ್ಕೆ 2), ಕೊನೆಗೆ 1. ಕ್ರಮ ತಪ್ಪಬಾರದು. ಎರಡೂ ಸಂಖ್ಯೆಗಳು 20 ಆಗಿರುವುದು ಕಾಕತಾಳೀಯ: ಒಂದು ಪೋರ್ಟ್ ವಿಳಾಸ, ಇನ್ನೊಂದು ವೆಕ್ಟರ್. ಹೊಸಬರು ಇಲ್ಲಿ ತಪ್ಪದೆ ಗೊಂದಲಕ್ಕೆ ಬೀಳುತ್ತಾರೆ.

ಅರ್ಧರಾತ್ರಿ

ಯುಇಎಫ್‌ಐ ಯಂತ್ರದಲ್ಲಿ ಪಿಐಸಿ ಬೇರೆ ಎಲ್ಲೋ ಕೂತಿರಬಹುದು. ಎಲ್ಲಿದೆ ಎಂದು ಹುಡುಕುತ್ತಾ ಹೋಗಬೇಡಿ, ಬೂಟ್ ಆದ ಕೂಡಲೇ ನೀವೇ ಹೊಂದಿಸಿ.

ಮಂಡಲ_ಶೂನ್ಯ

ಸರಿಸಿದೆ. ಈಗ ವೆಕ್ಟರ್ 32 (ಹೆಕ್ಸ್ 20) ಬರುತ್ತದೆ, ತೆರೆಯ ಮೂಲೆಯಲ್ಲಿ ಟಿಕ್ 1 ಎಂದು ಮೂಡುತ್ತದೆ. ಅಲ್ಲಿಗೆ ನಿಂತಿತು. ಎರಡನೇ ಟಿಕ್ ಬರುವುದೇ ಇಲ್ಲ.

ಅರ್ಧರಾತ್ರಿ

ಇಒಐ.

ಕೊಡಚಾದ್ರಿ

ಒಂದೇ ಪದದ ಉತ್ತರ ನೋಡಿ ನಗು ಬಂತು. ಬಿಡಿಸಿ ಹೇಳುತ್ತೇನೆ: ಕೆಲಸ ಮುಗಿಯಿತು ಎಂದು ಪಿಐಸಿಗೆ ತಿಳಿಸದಿದ್ದರೆ ಅದು ಆ ಮಟ್ಟದ ಮತ್ತು ಅದಕ್ಕಿಂತ ಕೆಳಗಿನ ಆದ್ಯತೆಯ ಇಂಟರಪ್ಟ್‌ಗಳನ್ನು ತಡೆಹಿಡಿಯುತ್ತದೆ. ಟೈಮರ್ ಅತ್ಯುನ್ನತ ಆದ್ಯತೆಯದು, ಅದು ಸಿಕ್ಕಿಕೊಂಡರೆ ಎಲ್ಲವೂ ಮೌನ. ಪೋರ್ಟ್ 20ಕ್ಕೆ 20 ಬರೆಯಿರಿ. 8 ಅಥವಾ ಅದರ ಮೇಲಿನ ಐಆರ್‌ಕ್ಯೂ ಆದರೆ ಎ0ಗೂ ಬರೆಯಿರಿ. ಮುಂದೆ ಕೀಲಿಮಣೆ ಸೇರಿಸಿದಾಗ ಪೋರ್ಟ್ 60ನ್ನು ಓದಲು ಮರೆಯಬೇಡಿ. ಓದದಿದ್ದರೆ ಅಲ್ಲಿಯೂ ಇದೇ ಕಥೆ, ಮೊದಲ ಕೀಲಿಯ ನಂತರ ಎರಡನೆಯದು ಬರುವುದಿಲ್ಲ. ಆಗ ಇಒಐ ಮೇಲೆ ಅನುಮಾನ ಪಡುತ್ತಾ ಕೂರುತ್ತೀರಿ.

ಮಂಡಲ_ಶೂನ್ಯ

ಟಿಕ್ ಓಡುತ್ತಿದೆ! ಧನ್ಯವಾದ.

ಆದರೆ ಈಗ ಬೇರೊಂದು ತಲೆನೋವು. ಸ್ವಲ್ಪ ಹೊತ್ತು ಓಡಿದ ಮೇಲೆ ಪೇಜ್ ಫಾಲ್ಟ್, ಎಕ್ಸೆಪ್ಶನ್ 14. ಈ ಬಾರಿ ಎರರ್ ಕೋಡ್ 2, ಅಂದರೆ ಮ್ಯಾಪ್ ಆಗದ ಪೇಜಿಗೆ ಕರ್ನಲ್ಲೇ ಬರೆಯಲು ಹೋಗಿದೆ. ಆರ್‌ಐಪಿ ಯಾವಾಗಲೂ ಒಂದೇ ಫಂಕ್ಷನ್ನಿನೊಳಗೆ: ಮೆಮೊರಿಯ ಒಂದು ಭಾಗವನ್ನು ಒಂದೇ ಅಕ್ಷರದಿಂದ ತುಂಬುವ ಪುಟ್ಟ ಲೂಪ್. ವಿಳಾಸ, ಅಕ್ಷರ, ಉದ್ದ ಎಂಬ ಮೂರು ಆರ್ಗ್ಯುಮೆಂಟ್, ಒಳಗೆ ಐ ಎಂಬ ಒಂದು ಇಂಟ್. ಅದರಲ್ಲಿ ತಪ್ಪಾಗಲು ಜಾಗವೇ ಇಲ್ಲ. ಸಿಆರ್2 (ಫಾಲ್ಟ್ ಆದ ವಿಳಾಸ) ಮಾತ್ರ ಪ್ರತಿ ಬಾರಿ ಬೇರೆ, ಹೆಕ್ಸ್‌ನಲ್ಲಿ: 206, 293, 297, 202, 298, 287.

ವಿಚಿತ್ರ ಎಂದರೆ ಕಂಪೈಲರಿನ ಆಪ್ಟಿಮೈಸೇಶನ್ ಓ2 ಮಾಡಿದರೆ ದೋಷ ಮಾಯ. ಓ0 (ಆಪ್ಟಿಮೈಸೇಶನ್ ಇಲ್ಲದೆ) ಮಾಡಿದರೆ ಮತ್ತೆ ಹಾಜರು. ನಾನು ಕೇಳಿದ್ದು ಇದರ ತಿರುಗುಮುರುಗು.

ಬಿಟ್_31

ಓ0ದಲ್ಲಿ ಸಾಯುತ್ತದೆ, ಓ2ದಲ್ಲಿ ಬದುಕುತ್ತದೆ? ಕಂಪೈಲರ್ ದೋಷ. ಬೇರೆ ಆವೃತ್ತಿ ಹಾಕಿ ನೋಡಿ.

ಕೊಡಚಾದ್ರಿ

ಕಂಪೈಲರನ್ನು ದೂರುವುದು ಕೊನೆಯ ಮೆಟ್ಟಿಲು, ನೀವು ಮೊದಲ ಮೆಟ್ಟಿಲಿನಲ್ಲೇ ಹತ್ತಿದಿರಿ. ಮಂಡಲ_ಶೂನ್ಯ, ಟೈಮರ್ ಸ್ಟಬ್‌ನಲ್ಲಿ ಎಲ್ಲ ರಿಜಿಸ್ಟರ್‌ಗಳನ್ನೂ ಉಳಿಸುತ್ತಿದ್ದೀರಾ? ಸಿ ಫಂಕ್ಷನ್ ಕರೆಯುವ ಮುನ್ನ ಸಿಎಲ್‌ಡಿ (ದಿಕ್ಕಿನ ಫ್ಲ್ಯಾಗ್ ಅಳಿಸುವ ಆದೇಶ) ಇದೆಯೇ? ಸ್ಟ್ಯಾಕ್ 16 ಬೈಟ್‌ಗೆ ಅಲೈನ್ ಆಗಿದೆಯೇ?

ಮಂಡಲ_ಶೂನ್ಯ

ಹದಿನೈದೂ ರಿಜಿಸ್ಟರ್ ತಳ್ಳುತ್ತೇನೆ, ಅದೇ ತಿರುಗುಮುರುಗು ಕ್ರಮದಲ್ಲಿ ತೆಗೆಯುತ್ತೇನೆ. ಸಿಎಲ್‌ಡಿ ಇದೆ. ಅಲೈನ್‌ಮೆಂಟ್ ಸರಿಯಿದೆ.

ಅರ್ಧರಾತ್ರಿ

ಅಲೈನ್‌ಮೆಂಟ್ ತಪ್ಪಿದ್ದರೆ ಎಸ್‌ಎಸ್‌ಇ ಆದೇಶ ಜನರಲ್ ಪ್ರೊಟೆಕ್ಷನ್ ಕೊಡುತ್ತಿತ್ತು, 13. ಪೇಜ್ ಫಾಲ್ಟ್ ಅಲ್ಲ. ಅದನ್ನು ಬಿಡಿ.

ತುಕ್ಕು_ಪ್ರೇಮಿ

ರಸ್ಟ್ ಭಾಷೆಯಲ್ಲಿ ಬರೆದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಬಿಟ್_31

ಬಂದರಪ್ಪ.

ಸಹ್ಯಾದ್ರಿ_ಮಳೆ

ರ‍್ಯಾಮ್ ಪರೀಕ್ಷೆ ಮಾಡಿದ್ದೀರಾ? ನನ್ನ ಹಳೆಯ ಕಂಪ್ಯೂಟರಿನಲ್ಲಿ ಹೀಗೆಯೇ ಬೇರೆ ಬೇರೆ ವಿಳಾಸದಲ್ಲಿ ಕುಸಿಯುತ್ತಿತ್ತು. ಮೆಮೊರಿ ಕಡ್ಡಿ ತೆಗೆದು ಒರೆಸಿ ಹಾಕಿದ ಮೇಲೆ ಸರಿಹೋಯಿತು.

ಕೊಡಚಾದ್ರಿ

ಅವರು ಕ್ಯೂಎಮುವಿನಲ್ಲಿ ಓಡಿಸುತ್ತಿದ್ದಾರೆ. ಯಾವ ಕಡ್ಡಿ ಒರೆಸಬೇಕು?

ಹಳೆಯ_8259

ಊಟಕ್ಕೆ ಹೋಗಿದ್ದೆ. ಇಷ್ಟರಲ್ಲಿ ಕಂಪೈಲರ್, ರ‍್ಯಾಮ್, ಭಾಷೆ ಎಲ್ಲದರ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಗಿದೆ.

ಆ ಸಿಆರ್2 ಸಂಖ್ಯೆಗಳನ್ನು ಯಾರಾದರೂ ನೋಡಿದಿರಾ? 206, 293, 297, 202, 287. ಯಾದೃಚ್ಛಿಕವಾಗಿ ಕೆಟ್ಟ ಪಾಯಿಂಟರ್ ಆಗಿದ್ದರೆ ಎಲ್ಲವೂ ಇಷ್ಟು ಅಚ್ಚುಕಟ್ಟಾಗಿ 2ರಿಂದ ಆರಂಭವಾಗುತ್ತಿರಲಿಲ್ಲ. ಮೊದಲ ಡಂಪಿನಲ್ಲಿ 246 ಏನಾಗಿತ್ತು ನೆನಪಿದೆಯೇ? ಫ್ಲ್ಯಾಗ್ಸ್. ಇವೂ ಫ್ಲ್ಯಾಗ್ಸ್. 200 ಇಂಟರಪ್ಟ್ ಬಿಟ್. 2 ಎಂಬ ಬಿಟ್ ಪ್ರೊಸೆಸರ್ ಯಾವಾಗಲೂ 1 ಆಗಿ ಇಡುವಂಥದ್ದು. 293, 297, 287 ಇವುಗಳಲ್ಲಿ ಸೈನ್ ಮತ್ತು ಕ್ಯಾರಿ ಎರಡೂ ಇವೆ, ಸಣ್ಣ ಸಂಖ್ಯೆಯನ್ನು ದೊಡ್ಡದರೊಡನೆ ಹೋಲಿಸಿದಾಗ ಬರುವ ಗುರುತು. ನಿಮ್ಮ ಲೂಪಿನ ಷರತ್ತು ಅದೇ ತಾನೇ, ಐ ಉದ್ದಕ್ಕಿಂತ ಕಡಿಮೆಯೇ ಎಂದು?

ಫ್ಲ್ಯಾಗ್ಸ್ ನಿಮ್ಮ ಪಾಯಿಂಟರಿನ ಜಾಗಕ್ಕೆ ಬಂದದ್ದು ಹೇಗೆ? ರೆಡ್ ಝೋನ್. 64 ಬಿಟ್ ಸಿಸ್ಟಮ್ ವಿ ಎಬಿಐ (ಫಂಕ್ಷನ್‌ಗಳು ಸ್ಟ್ಯಾಕ್ ಮತ್ತು ರಿಜಿಸ್ಟರ್ ಬಳಸುವ ಕಟ್ಟಳೆ) ಪ್ರಕಾರ, ಬೇರೆ ಯಾರನ್ನೂ ಕರೆಯದ ಎಲೆ ಫಂಕ್ಷನ್ ಸ್ಟ್ಯಾಕ್ ಪಾಯಿಂಟರನ್ನು ಇಳಿಸದೆಯೇ ಅದರ ಕೆಳಗಿನ 128 ಬೈಟ್ ಬಳಸಿಕೊಳ್ಳಬಹುದು. ಬಸ್ಸಿನ ಸೀಟಿಗೆ ಟವೆಲ್ ಕೂಡ ಹಾಕದೆ, ಇದು ನನ್ನದೇ ಎಂದು ಇಳಿದು ಕಾಫಿಗೆ ಹೋದಂತೆ. ಬಳಕೆದಾರ ಪ್ರೋಗ್ರಾಮಿನಲ್ಲಿ ಅದು ನಡೆಯುತ್ತದೆ, ಅಲ್ಲಿ ಇಂಟರಪ್ಟ್ ಬಂದರೆ ಪ್ರೊಸೆಸರ್ ಕರ್ನಲ್ ಸ್ಟ್ಯಾಕಿಗೆ ಬದಲಾಗುತ್ತದೆ, ಸಿಗ್ನಲ್ ಕಳುಹಿಸುವ ಕರ್ನಲ್ ಆ 128 ಬೈಟ್ ಬಿಟ್ಟು ಹೆಜ್ಜೆ ಇಡುತ್ತದೆ. ಆದರೆ ಕರ್ನಲ್ ಓಡುತ್ತಿರುವಾಗಲೇ ಇಂಟರಪ್ಟ್ ಬಂದರೆ ಹಾರ್ಡ್‌ವೇರಿಗೆ ಎಬಿಐ ಯಾವ ಲೆಕ್ಕ? ಆರ್‌ಎಸ್‌ಪಿ ಎಲ್ಲಿದೆಯೋ ಅಲ್ಲಿಂದಲೇ ಕೆಳಕ್ಕೆ ಐದು ಪದ ತಳ್ಳುತ್ತದೆ.

ಆಬ್ಜ್‌ಡಂಪ್ (ಯಂತ್ರ ಆದೇಶಗಳನ್ನು ಓದಿ ತೋರಿಸುವ ಉಪಕರಣ) ತೆಗೆದು ನೋಡಿ. ಜಿಸಿಸಿ ಓ0ದಲ್ಲಿ ಮೊದಲ ಆರ್ಗ್ಯುಮೆಂಟ್ ಸಾಮಾನ್ಯವಾಗಿ ಆರ್‌ಬಿಪಿ ಮೈನಸ್ 24ರಲ್ಲಿ ಇರುತ್ತದೆ, ಐ ಮೈನಸ್ 4ರಲ್ಲಿ, ಉದ್ದ ಮೈನಸ್ 40ರಲ್ಲಿ. ಪ್ರೊಸೆಸರ್ ತಳ್ಳುವ ಕ್ರಮ ಎಸ್‌ಎಸ್, ಆರ್‌ಎಸ್‌ಪಿ, ಫ್ಲ್ಯಾಗ್ಸ್, ಸಿಎಸ್, ಆರ್‌ಐಪಿ. ಮೂರನೆಯದು ಮೈನಸ್ 24ಕ್ಕೆ ಸರಿಯಾಗಿ ಬೀಳುತ್ತದೆ: ನಿಮ್ಮ ವಿಳಾಸ ಹೋಗಿ ಫ್ಲ್ಯಾಗ್ಸ್ ಬಂತು. ಎಸ್‌ಎಸ್ ಪದದ ಮೇಲರ್ಧ ಸೊನ್ನೆ, ಅದು ಐ ಮೇಲೆ ಬಿತ್ತು: ಐ ಮತ್ತೆ ಸೊನ್ನೆಯಾಯಿತು. ಉದ್ದದ ಜಾಗದಲ್ಲಿ ಆರ್‌ಐಪಿ ಕೂತಿತು, ಅದು 10 ಲಕ್ಷಕ್ಕೂ ಮೀರಿದ ಸಂಖ್ಯೆ, ಆದ್ದರಿಂದ ಲೂಪ್ ಮುಗಿಯಿತು ಎಂದೂ ಅನ್ನಿಸುವುದಿಲ್ಲ. 298ರಲ್ಲಿ ಆ ಕಡ್ಡಾಯದ 2ರ ಬಿಟ್ ಇಲ್ಲ, ಹಾಗಾಗಿ ಅದು ಫ್ಲ್ಯಾಗ್ಸ್ ಅಲ್ಲ ಎನ್ನುವವರಿಗೆ: ಅದು 297 ಕೂಡಿಸು 1. ಐ ಸೊನ್ನೆಯಾದ ಮೇಲೆ ಒಂದು ಬಾರಿ ಏರಿತ್ತು.

ಓ2ದಲ್ಲಿ ಮೂರೂ ರಿಜಿಸ್ಟರಿನಲ್ಲೇ ಇರುತ್ತವೆ, ಸ್ಟ್ಯಾಕ್ ಮುಟ್ಟುವುದೇ ಇಲ್ಲ. ದೋಷ ಮಾಯವಾಗಿಲ್ಲ, ಅವಿತಿದೆ. ಜಿಸಿಸಿಗೆ ಮೈನಸ್ ಎಂ-ನೋ-ರೆಡ್-ಝೋನ್ ಕೊಡಿ.

ಅರ್ಧರಾತ್ರಿ

298ರ ವಿವರಣೆಗೆ ಎದ್ದು ನಿಂತು ನಮಸ್ಕಾರ.

ಮಂಡಲ_ಶೂನ್ಯ

ಆಬ್ಜ್‌ಡಂಪ್‌ನಲ್ಲಿ ಮೈನಸ್ 24, ಮೈನಸ್ 4, ಮೈನಸ್ 40. ಹೇಳಿದಂತೆಯೇ. ಫ್ಲ್ಯಾಗ್ ಸೇರಿಸಿದ ಮೇಲೆ ಫಂಕ್ಷನ್ನಿನ ಆರಂಭದಲ್ಲಿ ಆರ್‌ಎಸ್‌ಪಿಯಿಂದ ಕಳೆಯುವ ಆದೇಶ ಹೊಸದಾಗಿ ಬಂದಿದೆ. ರಾತ್ರಿಯಿಡೀ ಓ0ದಲ್ಲೇ ಓಡಿಸಿ ನೋಡುತ್ತೇನೆ. ಒಂದೇ ಪ್ರಶ್ನೆ: ನಾನು ಅನುಸರಿಸಿದ ಪಾಠದಲ್ಲಿ ಈ ಫ್ಲ್ಯಾಗಿನ ಸುಳಿವೇ ಇರಲಿಲ್ಲ, ಏಕೆ?

ಲ್ಯಾಬ್_ಮೇಡಂ

ಅದು 32 ಬಿಟ್ ಕಾಲದ ಪಾಠವಾಗಿರಬೇಕು. ಐ386 ಎಬಿಐನಲ್ಲಿ ರೆಡ್ ಝೋನ್ ಎಂಬುದೇ ಇಲ್ಲ, ಬರೆದವರಿಗೆ ಹೇಳುವ ಅಗತ್ಯ ಬರಲಿಲ್ಲ. ಮೈಕ್ರೋಸಾಫ್ಟ್‌ನ 64 ಬಿಟ್ ಎಬಿಐನಲ್ಲೂ ಇಲ್ಲ. ಲಿನಕ್ಸ್ ಕರ್ನಲ್ 64 ಬಿಟ್ ಎಕ್ಸ್86ಗೆ ಕಂಪೈಲ್ ಆಗುವಾಗ ಈ ಫ್ಲ್ಯಾಗ್ ಕಡ್ಡಾಯವಾಗಿ ಇರುತ್ತದೆ, ಮೇಕ್‌ಫೈಲ್ ತೆರೆದು ನೋಡಬಹುದು.

ಅರ್ಧರಾತ್ರಿ

ಜಿಸಿಸಿಯ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿ ಲಿಂಕ್ ಮಾಡುತ್ತಿದ್ದರೆ ಅದನ್ನೂ ರೆಡ್ ಝೋನ್ ಇಲ್ಲದೆ ಕಟ್ಟಿ. ನಿಮ್ಮ ಕೋಡ್ ಮಡಿಯಾಗಿದ್ದು ಲೈಬ್ರರಿ ಮೈಲಿಗೆಯಾಗಿದ್ದರೆ ಪ್ರಯೋಜನವಿಲ್ಲ. ಜೊತೆಗೆ ಎಸ್‌ಎಸ್‌ಇ ಕೂಡ ಮುಚ್ಚಿ. ಇಲ್ಲದಿದ್ದರೆ ಹ್ಯಾಂಡ್ಲರ್ ಎಕ್ಸ್‌ಎಂಎಂ ರಿಜಿಸ್ಟರ್ ಬಳಸಿ, ಉಳಿಸದೆ, ಇನ್ನೊಂದು ರಾಮಾಯಣ ಶುರುವಾಗುತ್ತದೆ.

ತುಕ್ಕು_ಪ್ರೇಮಿ

ನಾನು ಹೇಳಿದ್ದು ಸುಮ್ಮನೆ ಅಲ್ಲ. ರಸ್ಟ್‌ನಲ್ಲಿ ಬರಿಯ ಯಂತ್ರಕ್ಕೆಂದು ಇರುವ ಎಕ್ಸ್86-64 ಟಾರ್ಗೆಟ್‌ನಲ್ಲಿ ರೆಡ್ ಝೋನ್ ಮೊದಲೇ ಮುಚ್ಚಿರುತ್ತದೆ. ಸಾಫ್ಟ್ ಫ್ಲೋಟ್ ಕೂಡ ಅದರಲ್ಲೇ ಇದೆ.

ಕೊಡಚಾದ್ರಿ

ಅದು ಟಾರ್ಗೆಟ್ ಕಡತದ ಗುಣ, ಭಾಷೆಯ ಗುಣ ಅಲ್ಲ. ಲಿನಕ್ಸ್ ಟಾರ್ಗೆಟ್‌ನಲ್ಲೇ ರಸ್ಟ್ ಕರ್ನಲ್ ಕಟ್ಟಿ ನೋಡಿ, ಇದೇ 293 ನಿಮ್ಮ ಮನೆಗೂ ಬರುತ್ತದೆ. ರಸ್ಟ್‌ನ ಮೆಮೊರಿ ಕಾವಲುಗಾರ ಬಾರೋ ಚೆಕ್ಕರಿಗೆ ಇಂಟರಪ್ಟ್ ಫ್ರೇಮ್ ಕಾಣುವುದಿಲ್ಲ.

ತುಕ್ಕು_ಪ್ರೇಮಿ

ಒಪ್ಪುತ್ತೇನೆ. ಆದರೂ ಮೊದಲೇ ಸರಿಯಾದ ಆಯ್ಕೆ ಕೈಗೆ ಕೊಡುವುದು ಸಣ್ಣ ಗುಣವಲ್ಲ.

ಬಿಟ್_31

ಫ್ಲ್ಯಾಗ್ ಬದಲು ಎಲ್ಲ ಇಂಟರಪ್ಟ್‌ಗಳಿಗೂ ಐಎಸ್‌ಟಿ ಸ್ಟ್ಯಾಕ್ ಕೊಟ್ಟರಾಯಿತಲ್ಲ? ಬೇರೆ ಸ್ಟ್ಯಾಕಿಗೆ ಹೋದರೆ ರೆಡ್ ಝೋನ್ ಮುಟ್ಟುವವರೇ ಇಲ್ಲ.

ಹಳೆಯ_8259

ಐಎಸ್‌ಟಿ ಪ್ರತಿ ಬಾರಿ ಅದೇ ತುದಿಯಿಂದ ಆರಂಭಿಸುತ್ತದೆ. ಟೈಮರ್ ಹ್ಯಾಂಡ್ಲರ್ ಒಳಗೆ ಇಂಟರಪ್ಟ್ ತೆರೆದು, ಅದೇ ಐಎಸ್‌ಟಿಯ ಇನ್ನೊಂದು ಬಂದರೆ ಮೊದಲನೆಯ ಫ್ರೇಮ್ ಮೇಲೆಯೇ ಬರೆಯುತ್ತದೆ. 128 ಬೈಟ್ ಉಳಿಸಲು ಹೋಗಿ ಇಡೀ ಸ್ಟ್ಯಾಕ್ ಕಳೆದುಕೊಂಡಂತಾಗುತ್ತದೆ. ಡಬಲ್ ಫಾಲ್ಟ್, ಎನ್‌ಎಂಐ, ಮಷೀನ್ ಚೆಕ್ ಇಂಥವಕ್ಕೆ ಮಾತ್ರ ಇರಲಿ.

ಬೆಸುಗೆ_ಕಡ್ಡಿ

ತಡವಾಗಿ ಬಂದೆ. ನಾನು ಲಿನಕ್ಸ್ ಡ್ರೈವರ್ ಬರೆದು ಹೊಟ್ಟೆ ಹೊರೆಯುವವನು. ಹಿಂದೆ ಒಂದು ಕಂಪನಿಯ ಡೇಟಾ ಸಂಗ್ರಹಿಸುವ ಪಿಸಿಐ ಕಾರ್ಡ್‌ಗೆ ಡ್ರೈವರ್ ನೋಡಿಕೊಳ್ಳುತ್ತಿದ್ದೆ. ಇಂಟರಪ್ಟ್ ಬಂದಾಗ ಹ್ಯಾಂಡ್ಲರ್ ಕಾರ್ಡಿನ ಸ್ಥಿತಿ ರಿಜಿಸ್ಟರ್ ಓದಿ, ಅದನ್ನು ಅಳಿಸಲು ಬರೆದು, ಹಿಂದಿರುಗುತ್ತಿತ್ತು. ಸರಿಯಾಗಿಯೇ ಕಾಣುತ್ತದೆ. ಆದರೆ ಪ್ರಾಕ್ ಕಡತದಲ್ಲಿ ಇಂಟರಪ್ಟ್ ಎಣಿಕೆ ಕಾರ್ಡ್ ಕಳಿಸಿದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಪಿಸಿಐನಲ್ಲಿ ಮೆಮೊರಿಗೆ ಬರೆದದ್ದು ಕೂಡಲೇ ತಲುಪುವುದಿಲ್ಲ, ನಡುವಿನ ಸೇತುವೆಗಳಲ್ಲಿ ಸರದಿ ನಿಲ್ಲುತ್ತದೆ. ಅಳಿಸುವ ಆದೇಶ ದಾರಿಯಲ್ಲಿರುವಾಗಲೇ ಹ್ಯಾಂಡ್ಲರ್ ಮುಗಿಯುತ್ತಿತ್ತು, ತಂತಿ ಇನ್ನೂ ಎಳೆದೇ ಇರುತ್ತಿತ್ತು, ಪ್ರೊಸೆಸರ್ ಮತ್ತೆ ಒಳಗೆ ಬರುತ್ತಿತ್ತು. ಬರೆದ ನಂತರ ಅದೇ ಕಾರ್ಡಿನ ಯಾವುದಾದರೂ ರಿಜಿಸ್ಟರನ್ನು ಒಮ್ಮೆ ಓದಿದರೆ ಮುಗಿಯಿತು, ಓದು ಹಿಂದಿರುಗುವ ಮೊದಲು ಬರಹ ತಲುಪಲೇಬೇಕು. ಒಂದು ಸಾಲಿನ ಮದ್ದು.

ಅದೇ ಯಂತ್ರದಲ್ಲಿ ಕರ್ನಲ್ 'ಯಾರೂ ಕೇಳಲಿಲ್ಲ' ಎಂದು ಗೊಣಗಿ ಆ ಐಆರ್‌ಕ್ಯೂ ಸಾಲನ್ನೇ ಮುಚ್ಚಿಬಿಡುತ್ತಿತ್ತು. ಎಲ್ಲರ ಬೈಗುಳ ನನ್ನ ಡ್ರೈವರಿಗೆ.

ಅರ್ಧರಾತ್ರಿ

ಎರಡನೆಯದು ಮೊದಲನೆಯದರಿಂದ ಆಗಿರಲಾರದು. ಲಿನಕ್ಸ್ ಸಾಲು ಮುಚ್ಚುವುದು ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕೂ ಹೆಚ್ಚು ಯಾರಿಗೂ ಸೇರದಿದ್ದಾಗ. ನಿಮ್ಮಲ್ಲಿ ಒಂದು ಬಿಟ್ಟು ಒಂದು ನಿಜವಾದದ್ದು. ಅರ್ಧಕ್ಕೆ ಅರ್ಧ ಇದ್ದರೆ ಆ ಗಡಿ ಮುಟ್ಟುವುದೇ ಇಲ್ಲ.

ಬೆಸುಗೆ_ಕಡ್ಡಿ

ಎರಡೂ ಒಂದೇ ಕಾರಣ ಎಂದು ನಾನೆಲ್ಲಿ ಬರೆದೆ? ಸಾಲು ಮುಚ್ಚುತ್ತಿದ್ದುದು ನೆರೆಯವನಿಂದ. ಅದೇ ತಂತಿ ಹಂಚಿಕೊಂಡಿದ್ದ ಇನ್ನೊಂದು ಕಾರ್ಡ್ ಇತ್ತು, ಅದಕ್ಕೆ ಡ್ರೈವರೇ ಲೋಡ್ ಆಗಿರಲಿಲ್ಲ. ಅದು ತಂತಿ ಎಳೆದು ಹಿಡಿದರೆ ಬಿಡುವವರಿಲ್ಲ. ನನ್ನ ಹ್ಯಾಂಡ್ಲರ್ ಪ್ರತಿ ಬಾರಿ 'ನನ್ನದಲ್ಲ' ಎನ್ನುತ್ತಿತ್ತು, ಲಕ್ಷ ದಾಟುತ್ತಿತ್ತು. ಸಾಲು ಮುಚ್ಚಿದರೆ ನನ್ನ ಕಾರ್ಡೂ ಅದರೊಡನೆ ಮಣ್ಣುಪಾಲು. ಎಂಎಸ್‌ಐಗೆ (ತಂತಿಯ ಬದಲು ಸಂದೇಶದ ಮೂಲಕ ಬರುವ ಇಂಟರಪ್ಟ್) ಬದಲಾಯಿಸಿದ ಮೇಲೆ ಹಂಚಿಕೆಯ ಜಗಳ ಮುಗಿಯಿತು. ಇನ್ನೂ ಒಂದು ಲಾಭ: ಎಂಎಸ್‌ಐ ಎನ್ನುವುದೇ ಒಂದು ಮೆಮೊರಿ ಬರಹ, ಆದ್ದರಿಂದ ಅದಕ್ಕೂ ಮೊದಲು ಕಾರ್ಡ್ ಡಿಎಂಎ ಮೂಲಕ (ಪ್ರೊಸೆಸರಿನ ನೆರವಿಲ್ಲದೆ ನೇರ ಮೆಮೊರಿಗೆ) ಬರೆದ ಡೇಟಾವನ್ನು ಅದು ಹಿಂದಿಕ್ಕುವುದಿಲ್ಲ. ತಂತಿಯ ಇಂಟರಪ್ಟ್‌ಗೆ ಆ ಶಿಸ್ತಿಲ್ಲ. ಡೇಟಾ ಇನ್ನೂ ಸೇತುವೆಯಲ್ಲಿರುವಾಗ ಇಂಟರಪ್ಟ್ ಬಾಗಿಲು ತಟ್ಟಬಹುದು, ಬಫರ್‌ನಲ್ಲಿ ಹಳೆಯ ಕಸ ಓದುತ್ತೀರಿ.

ಅರ್ಧರಾತ್ರಿ

ಹಾಗಾದರೆ ಸರಿ.

ಸಹ್ಯಾದ್ರಿ_ಮಳೆ

ಕೊನೆಯ ಮಾತಿಗೆ ಧನ್ಯವಾದ. ನಮ್ಮ ಹಳೆಯ ಟಿವಿ ಟ್ಯೂನರ್ ಕಾರ್ಡಿನಲ್ಲಿ ಚಿತ್ರದ ಕೊನೆಯ ಸಾಲುಗಳು ಹಿಂದಿನ ಫ್ರೇಮಿನವೇ ಬರುತ್ತಿದ್ದವು. ಇದೇ ಇರಬಹುದೇ?

ಬೆಸುಗೆ_ಕಡ್ಡಿ

ಇರಬಹುದು, ಬೇರೆ ಏನಾದರೂ ಇರಬಹುದು. ಕಡ್ಡಿ ಒರೆಸಿ ನೋಡಿದಿರಾ?

ಮಂಡಲ_ಶೂನ್ಯ

ವರದಿ: ಓ0, ಓ2 ಎರಡರಲ್ಲೂ ಬೆಳಗಿನವರೆಗೆ ಒಂದೂ ಫಾಲ್ಟ್ ಇಲ್ಲ. ಉತ್ಸಾಹದಲ್ಲಿ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಬೂಟ್ ಮಾಡಿದೆ. ಓಡುತ್ತದೆ, ಆದರೆ ಆಗಾಗ ವೆಕ್ಟರ್ 39 ಬಂದು ನನ್ನ 'ಅಪರಿಚಿತ ಇಂಟರಪ್ಟ್' ಪ್ಯಾನಿಕ್‌ಗೆ ಬೀಳುತ್ತದೆ. ಐಆರ್‌ಕ್ಯೂ 7 ಪ್ರಿಂಟರ್ ಪೋರ್ಟಿನದಲ್ಲವೇ? ಈ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ.

ಕೊಡಚಾದ್ರಿ

ಹುಸಿ ಇಂಟರಪ್ಟ್. ಯಾವುದೋ ಸಾಧನ ತಂತಿ ಎಳೆದು, ಪ್ರೊಸೆಸರ್ ಯಾರು ಎಂದು ಕೇಳುವ ಮೊದಲೇ ಕೈ ಬಿಟ್ಟರೆ ಪಿಐಸಿಗೆ ಏನಾದರೂ ಸಂಖ್ಯೆ ಹೇಳಲೇಬೇಕು, ಅದು 7 ಎನ್ನುತ್ತದೆ. ಐಆರ್‌ಕ್ಯೂ 7 ಬಂದಾಗ ಪೋರ್ಟ್ 20ಕ್ಕೆ 0ಬಿ ಬರೆದು, ಅದೇ ಪೋರ್ಟ್ ಓದಿ ಐಎಸ್‌ಆರ್‌ನ (ಸದ್ಯ ಸೇವೆಯಲ್ಲಿರುವ ಇಂಟರಪ್ಟ್‌ಗಳ ರಿಜಿಸ್ಟರ್) 7ನೇ ಬಿಟ್ ನೋಡಿ. ಇಲ್ಲದಿದ್ದರೆ ಸುಮ್ಮನೆ ಹಿಂದಿರುಗಿ, ಇಒಐ ಕೊಡಬೇಡಿ. ಐಆರ್‌ಕ್ಯೂ 15 ಹುಸಿಯಾಗಿದ್ದರೆ ಮಾತ್ರ ಮೊದಲನೇ ಪಿಐಸಿಗೆ ಇಒಐ ಬೇಕು, ಏಕೆಂದರೆ ಅದರ ಪಾಲಿಗೆ ಕ್ಯಾಸ್ಕೇಡ್ ಇಂಟರಪ್ಟ್ ನಿಜವಾಗಿಯೇ ಬಂದಿತ್ತು.

ಅರ್ಧರಾತ್ರಿ

ಮುಂದಿನ ಬಾರಿ ಇಲ್ಲಿ ಕೇಳುವ ಮೊದಲು ಕ್ಯೂಎಮುವಿಗೆ ಮೈನಸ್ ಡಿ ಇಂಟ್ ಮತ್ತು ನೋ-ರೀಬೂಟ್ ಕೊಟ್ಟು ಓಡಿಸಿ. ಬಂದ ಪ್ರತಿ ಎಕ್ಸೆಪ್ಶನ್, ಅದರ ಎರರ್ ಕೋಡ್, ಎಲ್ಲ ರಿಜಿಸ್ಟರ್ ಲಾಗ್‌ನಲ್ಲಿ ಬರುತ್ತದೆ. ಕೆವಿಎಂ (ಹಾರ್ಡ್‌ವೇರ್ ನೆರವಿನ ವರ್ಚುವಲೈಸೇಶನ್) ಮುಚ್ಚಿರಬೇಕು, ಇಲ್ಲದಿದ್ದರೆ ಲಾಗ್ ಖಾಲಿ.

ಮಂಡಲ_ಶೂನ್ಯ

39ರ ಕಾಟ ಮುಗಿಯಿತು. ಇನ್ನು ಪಿಐಸಿ ಬಿಟ್ಟು ಅದರ ಹೊಸ ಪೀಳಿಗೆಯ ಎಪಿಐಸಿಗೆ ಹೋಗುವ ಯೋಚನೆ. ಏನಾದರೂ ಎಚ್ಚರಿಕೆ?

ಹಳೆಯ_8259

ಪಿಐಸಿಯ ಎಲ್ಲ ಸಾಲುಗಳನ್ನು ಮಾಸ್ಕ್ ಮಾಡಿ, ಆದರೆ ಸರಿಸಿದ್ದನ್ನು ಹಾಗೆಯೇ ಬಿಡಿ. ಮುಚ್ಚಿದ ಪಿಐಸಿಯೂ ಹುಸಿ ಇಂಟರಪ್ಟ್ ಕಳಿಸಬಲ್ಲದು, ಅದು 8ರಿಂದ 15ರೊಳಗೆ ಬಂದರೆ ಮತ್ತೆ ಎಕ್ಸೆಪ್ಶನ್ ವೇಷ ಹಾಕಿಕೊಂಡು ಬರುತ್ತದೆ. ಲೋಕಲ್ ಎಪಿಐಸಿ ರಿಜಿಸ್ಟರ್‌ಗಳು ಎಫ್‌ಇಇ00000 ವಿಳಾಸದಲ್ಲಿವೆ. ನಿಮ್ಮ ಪೇಜ್ ಟೇಬಲ್‌ನಲ್ಲಿ ಅದು ಮ್ಯಾಪ್ ಆಗಿರಲಿಕ್ಕಿಲ್ಲ. ಮ್ಯಾಪ್ ಮಾಡುವಾಗ ಕ್ಯಾಶ್ ಮುಚ್ಚಿದ ಬಿಟ್ ಹಾಕಿ. ಇಒಐ ಅಲ್ಲಿ ಬಿ0 ಆಫ್‌ಸೆಟ್‌ನಲ್ಲಿ, ಸೊನ್ನೆ ಬರೆದರೆ ಸಾಕು. ಎಪಿಐಸಿಯ ಸ್ವಂತ ಹುಸಿ ವೆಕ್ಟರಿಗೆ ಮಾತ್ರ ಇಒಐ ಬೇಡ.

ತುಕ್ಕು_ಪ್ರೇಮಿ

ಎಕ್ಸ್2ಎಪಿಐಸಿ ಬಳಸಿದರೆ ಮ್ಯಾಪ್ ಮಾಡುವ ತಾಪತ್ರಯವೇ ಇಲ್ಲ, ಎಲ್ಲವೂ ಎಂಎಸ್‌ಆರ್ (ಪ್ರೊಸೆಸರಿನೊಳಗಿನ ವಿಶೇಷ ರಿಜಿಸ್ಟರ್) ಮೂಲಕ.

ಹಳೆಯ_8259

ಹಳೆಯ ಲ್ಯಾಪ್‌ಟಾಪ್ ಎಂದಿದ್ದಾರೆ, ಅದರಲ್ಲಿ ಇದ್ದರೆ ತಾನೇ? ಸಿಪಿಯುಐಡಿ 1ರಲ್ಲಿ ಇಸಿಎಕ್ಸ್‌ನ 21ನೇ ಬಿಟ್ ನೋಡಿ ಆಮೇಲೆ ನಿರ್ಧರಿಸಲಿ.

ಮಂಡಲ_ಶೂನ್ಯ

ನೋಡಿದೆ, ಸೊನ್ನೆ ಇದೆ. ಎಫ್‌ಇಇ00000 ಮ್ಯಾಪ್ ಮಾಡಲು ಹೊರಟೆ.